ಜಾರುವ ಕಿಟಕಿ

ಒತ್ತಿದರೆ ತೆರೆದುಕೊಳ್ಳಬೇಕಾದದ್ದು ಒತ್ತಿದ ಕೂಡಲೇ ಜಾರುತ್ತಿತ್ತು. ನೀಲಾ ಮೌಸಿನ ಬಾಣವನ್ನು ‘ಉಳಿಸು’ ಎಂಬ ಗುಂಡಿಯ ಮೇಲೆ ನಿಲ್ಲಿಸಿ ಒತ್ತಿದಳು. ಗುಂಡಿ ಕಿವಿ ಕೇಳದವರ ಹಾಗೆ ಸುಮ್ಮನಿತ್ತು, ಆದರೆ ಅದನ್ನು ಹೊತ್ತ ಇಡೀ ಕಿಟಕಿ ಬಾಣಕ್ಕೆ ಅಂಟಿಕೊಂಡು, ಲಂಗರು ಕಚ್ಚದ ದೋಣಿಯಂತೆ, ಪರದೆಯ ಆ ಮೂಲೆಯಿಂದ ಈ ಮೂಲೆಗೆ ತೇಲತೊಡಗಿತು. ಕೈ ಬಿಟ್ಟರೆ ನಿಂತಿತು. ಮುಟ್ಟಿದರೆ ಮತ್ತೆ ಹೊರಟಿತು. ಬರೆಯೋಣವೆಂದು ಅಕ್ಷರ ಹೊಡೆದರೆ ಅಕ್ಷರ ಮೂಡದೆ ಮೇಲಿನಿಂದ ಮೆನು ಜೋತುಬೀಳುತ್ತಿತ್ತು. ಒಮ್ಮೆ ಬಂದ್ ಮಾಡಿ ಮತ್ತೆ ಶುರು ಮಾಡಿಯೂ ನೋಡಿದಳು. ಶುರುವಾಗುವಾಗ ಯಂತ್ರ ಎಂದೂ ಇಲ್ಲದ ಹಾಗೆ ಕುಂಯ್ ಎಂದಿತು, ಆಮೇಲೆ ಅದೇ ಕತೆ. ಅವಳಿಗೆ ಸಿಟ್ಟು ಬಂತೇ ಹೊರತು ಹೆದರಿಕೆ ಬರಲಿಲ್ಲ. ಬೈತಖೋಲ ಬಂದರಿನ ಈ ಮೀನುಗಾರರ ಸಹಕಾರಿ ಸಂಘದ ಕಚೇರಿಯಲ್ಲಿ ಅವಳಿಗೆ ಹೆದರಿಕೆ ಹುಟ್ಟಿಸುವ ವಸ್ತುಗಳು ಬೇರೆ ಇದ್ದವು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂಬುದು, ಸೆಕ್ರೆಟರಿ ಕಿಶೋರ ಸರ್ ಚಹಾ ಹೇಳುವಾಗ ತನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದಾರೋ ಇಲ್ಲವೋ ಎಂಬುದು, ಇಂಥವು. ಕಂಪ್ಯೂಟರು ಆ ಪೈಕಿ ಅಲ್ಲ. ಅದು ಮುನಿದರೆ ಕಾರಣವಿಟ್ಟುಕೊಂಡೇ ಮುನಿಯುತ್ತದೆ, ಹುಡುಕಿದರೆ ಸಿಗುತ್ತದೆ ಎಂಬ ನಂಬಿಕೆ ಈ ವರ್ಷದಲ್ಲಿ ಅವಳಲ್ಲಿ ಗಟ್ಟಿಯಾಗಿ ಕೂತಿತ್ತು.

ಈ ವರ್ಷವೆಂದರೆ ಲಿನಕ್ಸ್ ಬಂದ ವರ್ಷ. ಅದಕ್ಕಿಂತ ಮೊದಲು ಯಂತ್ರದಲ್ಲಿದ್ದ ವ್ಯವಸ್ಥೆಗೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಹತ್ತಿ, ದೋಣಿಗಳ ಹೆಸರು ಇದ್ದ ಫೈಲುಗಳೆಲ್ಲ ಕಸವಾಗಿ ಹೋಗಿದ್ದವು. ಅಂಕೋಲೆಯ ಕಾಲೇಜಿನಲ್ಲಿ ಪಾಠ ಹೇಳುವ ಸುಮಲತಾ, ನೀಲಾಳ ಜೊತೆಗೇ ಓದಿದವಳು, ಅಂಚೆಯಲ್ಲಿ ಪುಕ್ಕಟೆ ತರಿಸಿದ ಒಂದು ಸಿ.ಡಿ. ಹಿಡಿದು ಬಂದು ಇದನ್ನು ಹಾಕಿಕೊಟ್ಟಳು. ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ಇದನ್ನ ನಿಂಗೆ ಹೆಂಗೆ ಬೇಕೋ ಹಂಗೆ ಮಾಡ್ಕೊಳ್ಳೂಕೆ ಬತ್ತದೆ ನೋಡು,” ಎಂದಿದ್ದಳು. ಬಸ್ಸು ಹೋದ ಮೇಲೂ ನೀಲಾ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ನಿನಗೆ ಬೇಕಾದ ಹಾಗೆ. ಹುಟ್ಟಿದಾಗಿನಿಂದ ಅವಳಿಗೆ ಸಿಕ್ಕಿದ್ದೆಲ್ಲ ಇನ್ನೊಬ್ಬರ ಅಳತೆಯದು. ಅಕ್ಕನ ಮದುವೆಯ ನಂತರ ಉಳಿದ ಬಟ್ಟೆ, ಬಲೆ ತೂಗುಹಾಕಿ ಮಿಕ್ಕ ಗೋಡೆ, ಅಡಿಗೆ, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಿ ಆಗುವ ಮನೆ. ಇಲ್ಲಿ ನೋಡಿದರೆ ಕೆಳಗಿನ ಪಟ್ಟಿಯನ್ನು ಎಡಗಡೆಗೆ ನಿಲ್ಲಿಸಬಹುದು, ಕಂದು ಬಣ್ಣ ಬೇಡವಾದರೆ ಕಾಳಿ ನದಿ ಸಮುದ್ರ ಸೇರುವಲ್ಲಿಯ ಹಸಿರು ನೀಲಿ ಹಚ್ಚಬಹುದು, ದೇವಬಾಗದ ಗಾಳಿಮರಗಳ ಚಿತ್ರವನ್ನು ಹಿಂದೆ ಹಾಸಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಒಂದೇ ಪರದೆಯೊಳಗೆ ನಾಲ್ಕು ಕೋಣೆ. ಕೀಲಿಮಣೆಯ ಎರಡು ಕೀಲಿ ಹಿಡಿದು ಬಾಣದ ಕೀಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ. ಮೊದಲನೆಯದರಲ್ಲಿ ಐಸಿನ ಟೋಕನ್ನು, ಎರಡನೆಯದರಲ್ಲಿ ಡೀಸೆಲ್ಲು, ಮೂರರಲ್ಲಿ ಇಲಾಖೆಗೆ ಬರೆಯುವ ಪತ್ರ. ನಾಲ್ಕನೆಯದನ್ನು ಅವಳು ಖಾಲಿ ಬಿಟ್ಟಿದ್ದಳು. ಕೆಲಸದ ನಡುವೆ ಬೇಸರ ಬಂದಾಗ ಸುಮ್ಮನೆ ಅಲ್ಲಿಗೆ ಹೋಗಿ ಗಾಳಿಮರ ನೋಡಿ ಬರುತ್ತಿದ್ದಳು.

ಕಲಿಯುವಾಗ ಆದ ಅನಾಹುತಗಳಿಗೇನು ಕಡಿಮೆಯಿರಲಿಲ್ಲ. ಒಮ್ಮೆ ಮೇಲಿನ ಪಟ್ಟಿಯನ್ನೇ ಅಳಿಸಿ, ಮೆನು ಎಲ್ಲಿ ಹೋಯಿತೆಂದು ಅರ್ಧ ದಿನ ಹುಡುಕಿದ್ದಳು. ಮತ್ತೊಮ್ಮೆ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದಳೆಂದರೆ, ಅದನ್ನು ಚಿಕ್ಕದು ಮಾಡುವ ಗುಂಡಿ ಪರದೆಯಿಂದ ಹೊರಗೆ ಹೋಗಿ ಕೂತುಬಿಟ್ಟಿತ್ತು. ಎಲ್ಲವನ್ನೂ ತಾನೇ ಸರಿಮಾಡಿಕೊಂಡಿದ್ದಳು. ಆಗೆಲ್ಲ ಒಂದು ಸಂಗತಿ ಅವಳ ಗಮನಕ್ಕೆ ಬಂದಿತ್ತು: ಪ್ರತಿ ಸಲವೂ ಯಂತ್ರ ಅವಳು ಹೇಳಿದ್ದನ್ನೇ ಮಾಡಿತ್ತು, ಹೇಳಿದ್ದು ಏನೆಂದು ಅವಳಿಗೇ ಗೊತ್ತಿರಲಿಲ್ಲ ಅಷ್ಟೆ. ಮನುಷ್ಯರ ಜೊತೆ ಇಷ್ಟು ಸಲೀಸಿಲ್ಲ ಎಂದು ಅವಳಿಗೆ ಅನಿಸಿತು. ಶನಿವಾರದಿಂದ ಮನೆಯಲ್ಲಿ ಆಯಿ, ಅವಳ ತಾಯಿ, ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಉಪ್ಪು ಸಾಕೇ ಎಂದು ಕೇಳುತ್ತಾಳೆ, ಬೇರೆ ಮಾತಿಲ್ಲ. ಅದರ ಕಾರಣ ಹುಡುಕುವುದೇನೂ ಬೇಕಾಗಿರಲಿಲ್ಲ, ನೀಲಾಳಿಗೆ ಗೊತ್ತಿತ್ತು, ಗೊತ್ತಿದ್ದದ್ದನ್ನು ಆ ಖಾಲಿ ಕೋಣೆಗೆ ತಳ್ಳಿ ಬಂದಿದ್ದಳು.

ಕಿಶೋರ ಸರ್ ಅಂಕೋಲೆಯ ಬಸ್ಸಿನಿಂದಿಳಿದು, ಕೊಡೆ ಜಾಡಿಸಿ ಮೂಲೆಗಿಟ್ಟು, ಅವಳ ಬೆನ್ನ ಹಿಂದೆ ಬಂದು ನಿಂತರು. ಗದ್ದೆ ತೋಟ ಇದ್ದ ಮನೆಯವರು, ಒಳ್ಳೆಯವರು, ಬಾಳೆಗೊನೆ ಕಡಿದಾಗ ಚೀಲದಲ್ಲಿ ಹಣ್ಣು ತಂದು ಎಲ್ಲರಿಗೂ ಹಂಚುವವರು. ಆದರೆ ನೀಲಾ ಎದ್ದ ಕುರ್ಚಿಯಲ್ಲಿ ಕೂರಬೇಕಾಗಿ ಬಂದರೆ ಮೊದಲು ಕರ್ಚೀಫು ತೆಗೆದು ಮೌಸನ್ನು ಒರೆಸಿಕೊಳ್ಳುತ್ತಿದ್ದರು. ಅವಳು ಮನೆಯಿಂದ ಹೊರಡುವಾಗ ಸಾಬೂನು ಹಚ್ಚಿ ಎರಡೆರಡು ಸಲ ಕೈ ತೊಳೆಯುವುದು ಆ ಕರ್ಚೀಫು ಕಂಡ ಮೇಲೆ ಶುರುವಾದದ್ದು. ಕೈಯಲ್ಲಿ ಮೀನಿನ ವಾಸನೆ ಇರಲಿಲ್ಲ ಎಂದು ಅವಳು ಪ್ರಮಾಣ ಮಾಡಿ ಹೇಳಬಲ್ಲಳು, ಆದರೆ ಕೇಳಿದವರು ಯಾರು. ಈಗ ಅವರು ತೇಲುವ ಕಿಟಕಿಯನ್ನು ನೋಡಿ, “ಎಂತಾ ಆಯ್ತು ನೀಲಾ, ಮತ್ತೆ ಎಂತಾರು ಬಣ್ಣ ಬಳ್ದ್ಯಾ ಇದಕ್ಕೆ?” ಎಂದರು.

“ಇಲ್ಲ ಸರ್. ನೋಡ್ತೆ ಇದ್ದೆ.”

“ಮಧ್ಯಾಹ್ನದ ಮೇಲೆ ಡೈರೆಕ್ಟರ್ರೆಲ್ಲಾ ಬತ್ರು. ಹೊಸಾ ಗುರ್ತಿನ ಕಾರ್ಡು ಹೆಂಗೆ ಬತ್ತದೆ ನೋಡೂಕೆ. ಅವ್ರ ಎದ್ರಿಗೆ ಹಿಂಗೆ ಕುಣೂಕೆ ಶುರು ಮಾಡಿದ್ರೆ ನನ್ ಮರ್ಯಾದೆ ಹೋತದೆ.” ಕಿಶೋರ ಸರ್ ಸಿಟ್ಟಾಗಿರಲಿಲ್ಲ, ಅದೇ ಕಷ್ಟ. ಮಗುವಿಗೆ ಹೇಳುವ ಹಾಗೆ ಹೇಳುತ್ತಿದ್ದರು. “ಆಗೂದಿಲ್ಲಾ ಅಂದ್ರೆ ಈಗ್ಲೇ ಹೇಳು, ಅಂಕೋಲೆ ಅಂಗ್ಡಿಯವನ್ನ ಕರೀತೆ. ಅವ ಎಲ್ಲಾ ಅಳಸಿ ಮೊದ್ಲಿಂದೇ ಹಾಕಿ ಕೊಡ್ತಾ. ಆಮೇಲೆ ಅದನ್ನ ಯಾರೂ ತಿದ್ದೂಕೆ ಹೋಗೂದು ಬೇಡ. ನೀನು ಟೈಪು ಹೊಡ್ಕಂಡು ಇದ್ರೆ ಸಾಕು.”

“ಆಗ್ತದೆ ಸರ್,” ಎಂದಳು ನೀಲಾ. ಹೇಗೆ ಆಗುತ್ತದೆಂದು ಗೊತ್ತಿಲ್ಲದಿದ್ದರೂ ದನಿ ಅಲುಗಲಿಲ್ಲ. ಟೈಪು ಹೊಡ್ಕಂಡು ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಅವಳನ್ನು ತೆಗೆದುಕೊಂಡದ್ದೇ ಟೈಪಿಗೆ, ನಿಜ. ಆದರೆ ಈ ಯಂತ್ರ ತನ್ನದು ಎಂದು ಅವಳು ಎಂದೋ ತೀರ್ಮಾನ ಮಾಡಿಯಾಗಿತ್ತು. ಸಂಬಳ ಕೊಡುವವರು ಸಂಘದವರಾದರೂ ಎಡಗಡೆಗೆ ನಿಂತ ಆ ಪಟ್ಟಿ, ನೀಲಿ, ಗಾಳಿಮರ, ನಾಲ್ಕು ಕೋಣೆ ಅವಳವು, ಅವನ್ನು ಅಳಿಸಿದರೆ ಅಳಿದುಹೋಗುವುದು ಬರೀ ಬಣ್ಣವಲ್ಲ.

ಕಿಶೋರ ಸರ್ ಇಲಾಖೆಯ ಕಚೇರಿಗೆ ಹೋದ ಮೇಲೆ ಅವಳು ಸುಮಲತಾಳಿಗೆ ಫೋನು ಮಾಡಿದಳು. ಆಚೆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. “ನೀ ಕಡೀಗೆ ಎಂತೆಂತಾ ಬದ್ಲು ಮಾಡಿದ್ದೆ, ನೆನಪು ಮಾಡ್ಕೋ,” ಎಂದಳು ಸುಮಲತಾ. ಶನಿವಾರ ಬೆಳಿಗ್ಗೆ ಕಿಟಕಿಗಳ ಅಂಚು ಬದಲಿಸಿದ್ದು, ಮುಚ್ಚುವ ಗುಂಡಿಯನ್ನು ಎಡಕ್ಕೆ ತಂದದ್ದು, ಕಿಟಕಿ ಸರಿಸುವಾಗ ಅದು ಬಟ್ಟೆಯ ಹಾಗೆ ತೊನೆಯಲೆಂದು ಏನೋ ಒಂದನ್ನು ಚಾಲೂ ಮಾಡಿ, ತಲೆ ತಿರುಗಿದಂತಾಗಿ ಬಂದ್ ಮಾಡಿದ್ದು, ಎಲ್ಲ ಹೇಳಿದಳು. “ಅದ್ರಲ್ಲೇ ಯಾವ್ದೋ ಒಂದು ಕೈ ಕೊಟ್ಟದೆ,” ಎಂದಳು ಸುಮಲತಾ. “ಹುಡುಕ್ತಾ ಕೂರ್ಬೇಡ. ನಿನ್ ಸೆಟ್ಟಿಂಗೆಲ್ಲಾ ಒಂದು ಫೋಲ್ಡರ್‌ನಲ್ಲಿ ಅಡಗಿ ಕೂತಿರ್ತದೆ. ಕಪ್ಪು ಪರದೆಗೆ ಹೋಗಿ ನಾ ಹೇಳ್ದ ಸಾಲು ಹೊಡೆದು ಅದನ್ನ ಅಳಸಿಬಿಡು. ಹೊಸದ್ರಂಗೆ ಆಗ್ತದೆ.”

“ನಾ ಮಾಡಿಟ್ಟದ್ದು?”

“ಅದೆಲ್ಲಾ ಹೋತದೆ. ಮತ್ತೆ ಮಾಡ್ಕೊಂಡ್ರೆ ಆಯ್ತು ಬಿಡು.”

ಸಾಲನ್ನು ಬರೆದುಕೊಂಡಳು, ಹೊಡೆಯಲಿಲ್ಲ. ಮತ್ತೆ ಮಾಡಿಕೊಳ್ಳುವುದು ಕಷ್ಟವಾಗಿರಲಿಲ್ಲ, ಒಂದು ಬೆಳಗಿನ ಕೆಲಸ. ಆದರೆ ಅಳಿಸಿದರೆ, ತಾನು ಮಾಡಿಟ್ಟದ್ದೇ ತಪ್ಪೆಂದು ಒಪ್ಪಿದ ಹಾಗಾಗುತ್ತದೆ. ಆಮೇಲೆ ಕಿಶೋರ ಸರ್ ಮತ್ತೆ ಮಾಡಲು ಬಿಡುವುದೂ ಇಲ್ಲ. ಅಲ್ಲದೆ ಅದು ತಪ್ಪಲ್ಲ ಎಂದು ಅವಳಿಗೆ ಅನಿಸುತ್ತಿತ್ತು, ಎಸರಿನ ಬಣ್ಣ ನೋಡಿಯೇ ಹುಳಿ ಹೆಚ್ಚಾಗಿಲ್ಲ ಎಂದು ಆಯಿಗೆ ಗೊತ್ತಾಗುವ ಹಾಗೆ. ಶನಿವಾರ ಬೆಳಿಗ್ಗೆ ಅವೆಲ್ಲ ಮಾಡಿದ ಮೇಲೂ ಸಂಜೆಯ ತನಕ ಯಂತ್ರ ಸರಿಯಾಗಿಯೇ ಇತ್ತು. ಹೊರಗೆ ದೋಣಿ ನಿಲ್ಲುವ ಧಕ್ಕೆಯಲ್ಲಿ ಮೊದಲ ಮೀನು ಇಳಿಸುವವರ ಕೂಗಾಟ, ಐಸು ಒಡೆಯುವ ಸದ್ದು, ಹೆಂಗಸರು ಬುಟ್ಟಿ ಹಿಡಿದು ಓಡುವ ಹೆಜ್ಜೆ. ಆ ಹೆಜ್ಜೆಗಳಲ್ಲಿ ಆಯಿಯದೂ ಒಂದು. ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಯೂ ಅದನ್ನು ಗುರುತು ಹಿಡಿಯುತ್ತಿದ್ದಳು, ಕಾಲುಂಗುರ ಕಲ್ಲಿಗೆ ತಾಗುವುದರಿಂದ. ಈಗ ಕಿವಿಗೊಟ್ಟರೆ ಎಲ್ಲವೂ ಒಂದೇ ಥರ ಕೇಳಿಸಿತು.

ಹುಚ್ಚು ಹಿಡಿದಿಲ್ಲ ಇದಕ್ಕೆ, ಎಂದುಕೊಂಡಳು. ಹೇಳಿದ್ದನ್ನೇ ಮಾಡುತ್ತಿದೆ. ಯಾರು ಹೇಳುತ್ತಿದ್ದಾರೆ? ಮೇಲಿನ ಮೆನು ಒಂದು ಮಾತ್ರ ಇನ್ನೂ ಮಾತು ಕೇಳುತ್ತಿತ್ತು. ಅದರಿಂದ ಕಿಟಕಿಗಳ ಆಯ್ಕೆ ಎಂಬುದನ್ನು ತೆರೆದಳು. ತಿದ್ದಲೆಂದು ಮುಟ್ಟಿದರೆ ತಿದ್ದುವ ಕಿಟಕಿಯೇ ಜಾರಿತು. ನಗು ಬಂತು. ಮುಟ್ಟುವುದನ್ನು ಬಿಟ್ಟು, ಕೈಕಟ್ಟಿ ಕೂತು, ಅಲ್ಲಿ ಏನು ಬರೆದಿದೆ ಎಂದು ಮೊದಲ ಸಲ ಪೂರ್ತಿ ಓದಿದಳು. ಇಷ್ಟು ದಿನ ಬೇಕಾದ್ದನ್ನು ಒತ್ತಿ ಹೊರಬರುವ ಅವಸರದಲ್ಲಿ ಕೆಳಗಿನ ಸಾಲನ್ನು ಅವಳು ಕಂಡೇ ಇರಲಿಲ್ಲ. ಕಿಟಕಿಯನ್ನು ಎಲ್ಲಿ ಬೇಕಾದರೂ ಹಿಡಿದು ಸರಿಸಲು ಈ ಕೀಲಿಯನ್ನು ಒತ್ತಿ ಹಿಡಿಯಿರಿ ಎಂದಿತ್ತು, ಅದರ ಕೆಳಗೆ ಮೂರು ಕೀಲಿಗಳ ಹೆಸರು, ಆಲ್ಟ್ ಎಂಬುದರ ಎದುರಿಗೆ ಚುಕ್ಕೆ. ಯಂತ್ರ ಸರಿಯಾಗಿಯೇ ಇತ್ತು. ಯಾರೋ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಕೂತಿದ್ದರು. ಕೋಣೆ ದಾಟಲು ಬೆಳಿಗ್ಗೆ ಅದನ್ನು ಒತ್ತಿದವಳು ಅವಳೇ. ಬೆರಳು ತೆಗೆದಿದ್ದಳು, ಕೀಲಿ ಮಾತ್ರ ಮೇಲೆ ಬಂದಿರಲಿಲ್ಲ. ಕೀಲಿಮಣೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಎಡಗಡೆಯ ಆಲ್ಟ್ ಅಕ್ಕಪಕ್ಕದವುಗಳಿಗಿಂತ ಒಂದು ಕೂದಲೆಳೆ ಕೆಳಗೆ ಕೂತಿತ್ತು, ಸುತ್ತ ಒಣಗಿದ ಬಿಳಿ ಕಲೆ. ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು. ಹುಳಿತ ತೆಂಗಿನಕಾಯಿ ನೀರಿನ ವಾಸನೆ.

ಶನಿವಾರ ನೂಲಹುಣ್ಣಿಮೆ. ಮಳೆಗಾಲದ ಮೀನುಗಾರಿಕೆ ಬಂದಿ ಮುಗಿದು, ಸಮುದ್ರಕ್ಕೆ ಕಾಯಿ ಬಿಟ್ಟು, ದೋಣಿಗಳ ಮೂತಿಗೆ ಹೂ ಮುಡಿಸಿ, ಇಂಜಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವ ದಿನ. ಸಂಜೆ ಕಚೇರಿಯಲ್ಲಿ ಅವಳೊಬ್ಬಳೇ ಇದ್ದಾಗ ಆಯಿ, ದುರ್ಗಿ, ಸಮುದ್ರಕ್ಕೆ ಕಾಯಿ ಬಿಟ್ಟು ಬಂದ ಒದ್ದೆ ಸೀರೆಯಲ್ಲಿ, ಒಂದು ಕಾಯಿ ಒಂದು ಕತ್ತಿ ಹಿಡಿದು ಒಳಗೆ ಬಂದಿದ್ದಳು. ಒಂದು ವರ್ಷದಲ್ಲಿ ಮೊದಲ ಸಲ. ಬಾಗಿಲಲ್ಲೇ ನಿಂತು ಪರದೆಯನ್ನು ನೋಡಿ, “ಇದೇನೇ ನಿಂದು?” ಎಂದಿದ್ದಳು. ನಿಂದು ಎಂದಿದ್ದಳು. “ಇಂಜಿನ್ನಿಗೆಲ್ಲಾ ಒಡೀತ್ರು. ಇದ್ಕೆ ಒಡೀದೇ ಇದ್ರೆ ಹೆಂಗೆ? ಇದೂ ಮನೆ ನಡ್ಸೂದೇ ಅಲ್ದಾ?” ಎಂದು, ನೀಲಾ ಬೇಡವೆನ್ನುವುದರೊಳಗೆ ಕುಂಕುಮ ಹಚ್ಚಿ, ಕಾಯಿಯನ್ನು ಕೈಯಲ್ಲೇ ಹಿಡಿದು ಕತ್ತಿಯ ಬೆನ್ನಿನಿಂದ ಹೊಡೆದಿದ್ದಳು. ನೀರು ಮೇಜಿನ ಮೇಲಿದ್ದ ಬಟ್ಟಲಿಗೆ ಬೀಳುವ ಮೊದಲು ಸ್ವಲ್ಪ ಅತ್ತಿತ್ತ ಚಿಮ್ಮಿತ್ತು. ಅಷ್ಟರಲ್ಲಿ ಮರೆತ ಕೊಡೆಗೆಂದು ತಿರುಗಿ ಬಂದ ಕಿಶೋರ ಸರ್ ಬಾಗಿಲಲ್ಲಿ ನಿಂತು ಮೂಗೆಳೆದುಕೊಂಡು, “ಯಾರು ಅದು?” ಎಂದಿದ್ದರು. ನೀಲಾ ತಡಮಾಡಿರಲಿಲ್ಲ, ಅದೇ ಈಗ ನೆನೆದರೆ ಮೈ ಕುಗ್ಗುವುದು. ತುಸು ತಡವರಿಸಿದ್ದರೂ ಒಂದು ಮಾತಿತ್ತು. “ಮೀನು ಕೊಡೂಕೆ ಬಂದವ್ರು ಸರ್,” ಎಂದುಬಿಟ್ಟಿದ್ದಳು. ದುರ್ಗಿ ಅವಳ ಕಡೆ ನೋಡಲಿಲ್ಲ. ಕಾಯಿಯ ಒಂದು ಹೋಳನ್ನು ಎರಡೂ ಕೈಯಲ್ಲಿ ಹಿಡಿದು, “ಪ್ರಸಾದ ತಕಳ್ಳಿ ಸಾಯೇಬ್ರೆ,” ಎಂದು ಕಿಶೋರ ಸರ್‌ಗೆ ಕೊಟ್ಟು, ಮೆಟ್ಟಿಲಿಳಿದು ಹೋಗಿದ್ದಳು. ರಾತ್ರಿ ಬಂಗಡೆಯ ದೊಡ್ಡ ತುಂಡು ಎಂದಿನಂತೆ ಮಗಳ ತಾಟಿಗೇ ಬಿತ್ತು.

ತಲೆಯ ಪಿನ್ನು ತೆಗೆದು ಕೀಲಿಯ ಅಡಿಗೆ ಹಾಕಿ ಮೀಟಿದಳು. ಟಕ್ಕೆಂದು ಎದ್ದುಬಂತು. ಒದ್ದೆ ಅರಿವೆಯಿಂದ ಒಳಗೆಲ್ಲ ಒರೆಸಿ, ಫ್ಯಾನಿನ ಕೆಳಗಿಟ್ಟು ಒಣಗಿಸಿ, ಮತ್ತೆ ಕೂರಿಸಿದಳು. ‘ಉಳಿಸು’ ಒತ್ತಿದರೆ ಉಳಿಯಿತು. ಅಕ್ಷರ ಹೊಡೆದರೆ ಅಕ್ಷರ ಬಂತು. ಬೆಳಿಗ್ಗೆ ಯಂತ್ರ ಕುಂಯ್ ಎಂದದ್ದೂ ಇದನ್ನೇ, ಕೀಲಿ ಸಿಕ್ಕಿಕೊಂಡಿದೆ ಎಂದು ಅದು ತನ್ನ ಭಾಷೆಯಲ್ಲಿ ಹೇಳಿತ್ತು. ನಾಲ್ಕು ಕೋಣೆಗಳನ್ನೂ ಒಮ್ಮೆ ಸುತ್ತಿ ಬಂದಳು. ಗೆದ್ದಿದ್ದಳು, ಒಬ್ಬಳೇ, ಏನನ್ನೂ ಅಳಿಸದೆ. ಕುಣಿಯುವಷ್ಟು ಖುಷಿಯಾಗಬೇಕಿತ್ತು, ಅರ್ಧ ಆಯಿತು ಕೂಡ, ಉಳಿದರ್ಧಕ್ಕೆ ಕಾಯಿ ನೀರು ಮೆತ್ತಿತ್ತು.

ಮಧ್ಯಾಹ್ನ ಡೈರೆಕ್ಟರುಗಳು ಬಂದರು. ಅಧ್ಯಕ್ಷ ಜಟ್ಟಪ್ಪ ತಾಂಡೇಲ ಮುಂದಿನ ಕುರ್ಚಿಯಲ್ಲಿ ಕೂತರು. ನೀಲಾಳ ಕೇರಿಯಲ್ಲೇ ಬೆಳೆದು, ಈಗ ಎರಡು ಟ್ರಾಲರಿನ ಒಡೆಯರು, ಮಾತು ಕಡಿಮೆ. ಪ್ರಿಂಟರು ಮೊದಲ ಕಾರ್ಡನ್ನು ಹೊರಗೆ ತಳ್ಳಿತು, ಜಟ್ಟಪ್ಪನವರದೇ ಫೋಟೋ ಹೊತ್ತು. ಅದು ಕೈಯಿಂದ ಕೈಗೆ ಹೋಗಿ, ಫೋಟೋದಲ್ಲಿ ಅಧ್ಯಕ್ಷರು ಕಳ್ಳರ ಹಾಗೆ ಕಾಣುತ್ತಾರೆಂದು ಒಬ್ಬರು ಚೇಷ್ಟೆ ಮಾಡಿ, ಎಲ್ಲರೂ ನಕ್ಕರು. ಕಿಶೋರ ಸರ್‌ಗೆ ಜೀವ ಬಂತು. “ಬೆಳಿಗ್ಗೆ ಇದು ಕುಣೀತೆ ಇತ್ತು,” ಎಂದರು. “ಎಂತಾ ಮಾಡ್ದೆ ನೀಲಾ? ಆ ಬಣ್ಣಾ ಗಿಣ್ಣಾ ಆಟ ಎಲ್ಲಾ ತೆಗ್ದ್ಯಾ?”

“ಇಲ್ಲ ಸರ್. ಅದ್ರಿಂದ ಆದದ್ದಲ್ಲ. ಕೀಲಿಮಣೆಗೆ ಕಾಯಿ ನೀರು ಹೋಗಿತ್ತು. ಒಂದು ಕೀಲಿ ಅಂಟಿತ್ತು, ತೆಗ್ದು ಒರೆಸ್ದೆ.”

“ಕಾಯಿ ನೀರಾ?” ಕಿಶೋರ ಸರ್‌ಗೆ ಥಟ್ಟನೆ ಹೊಳೆಯಿತು. “ಓ, ಆ ಶನಿವಾರ ಬಂದವಳು. ಮೀನು ಕೊಡೂಕೆ ಬಂದವಳಿಗೆ ಇಲ್ಲಿ ಕಾಯಿ ಒಡಿಯೂದು ಎಂತಕೆ? ಇನ್ನು ಅಂಥವ್ರನ್ನ ಒಳಗೆ ಬಿಡೂದೇ ಬೇಡ.”

ಜಟ್ಟಪ್ಪನವರು ಕಾರ್ಡಿನಿಂದ ಕಣ್ಣೆತ್ತಿ ನೀಲಾಳನ್ನು ನೋಡಿದರು. ಅವರಿಗೆ ಗೊತ್ತಾಗಿತ್ತು. ಹುಣ್ಣಿಮೆಯ ಸಂಜೆ ಕಾಯಿ ಕತ್ತಿ ಹಿಡಿದು ಈ ಮೆಟ್ಟಿಲು ಹತ್ತುವವಳು ಯಾರಿದ್ದಾಳೆಂದು ಕೇರಿಯವರಿಗೆ ಕೇಳಬೇಕಾಗಿರಲಿಲ್ಲ. ಹೌದು ಸರ್ ಎಂದರೆ ಮುಗಿಯುತ್ತಿತ್ತು: ಯಂತ್ರವೂ ಉಳಿಯಿತು, ನಾಲ್ಕು ಕೋಣೆಯೂ ಉಳಿಯಿತು, ಆಯಿಯೊಬ್ಬಳು ಮೆಟ್ಟಿಲ ಆಚೆಗೆ.

“ಅವ್ಳು ನನ್ನ ಆಯಿ,” ಎಂದಳು ನೀಲಾ. “ಶನಿವಾರ ನಾ ನಿಮ್ಗೆ ಸುಳ್ಳು ಹೇಳ್ದೆ ಸರ್. ಯಂತ್ರಕ್ಕೆ ಪೂಜೆ ಮಾಡೂಕೆ ಬಂದಿದ್ಳು ಅವ್ಳು. ಒಳಗೆ ಬಿಡ್ಬೇಡಿ ಅಂದ್ರೆ ನಾನೂ ಬತ್ತಿಲ್ಲ.”

ಕಿಶೋರ ಸರ್ ಅವರ ಕಿವಿ ಕೆಂಪಾಯಿತು. ಪ್ರಸಾದದ ಹೋಳು ಅವರು ಮನೆಗೊಯ್ದು ಪಲ್ಯಕ್ಕೆ ತುರಿಸಿದ್ದು ನೆನಪಾಯಿತೋ ಏನೋ. “ಹಂಗಲ್ಲ ನೀಲಾ, ನಂಗೆ ಗೊತ್ತಿಲ್ಲಾಗಿತ್ತು,” ಎಂದರು, ನಿಜವಾಗಿಯೂ ನೊಂದು. ಜಟ್ಟಪ್ಪನವರು ಕಾರ್ಡನ್ನು ಜೇಬಿಗೆ ಹಾಕಿಕೊಂಡರು. “ಕಾಯಿ ಒಡಿಯೂದು ದೋಣಿ ಮೂತಿಗೆ, ಚುಕ್ಕಾಣಿ ಮೇಲಲ್ಲ ಅಂತ ದುರ್ಗಿಗೆ ಹೇಳು,” ಎಂದರು. “ಮುಂದಿನ ವರ್ಷ ಆ ಪೆಟ್ಟಿಗೆ ಎದ್ರಿಗೆ, ಕೆಳಗೆ ಒಡೀಲಿ. ಈ ಕಾರ್ಡು ಚಂದ ಬಂದದೆ.”

ಸಲೀಸಾಗಿ ಹೇಳಿಬಿಟ್ಟಿದ್ದಳು, ತನಗೇ ಆಶ್ಚರ್ಯವಾಗುವಷ್ಟು. ಆದರೆ ಅವರೆಲ್ಲ ಚಹಾಕ್ಕೆ ಎದ್ದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹೇಳಬೇಕಾದವರ ಎದುರಿಗೆ ಹೇಳಿರಲಿಲ್ಲ. ಚಪ್ಪಲಿ ಮೆಟ್ಟಿ ಧಕ್ಕೆಗೆ ನಡೆದಳು. ಒದ್ದೆ ಕಲ್ಲಿನ ಮೇಲೆ ಹೆಂಗಸರ ಸಾಲು, ನಡುವೆ ದುರ್ಗಿ, ಮುಂದೆ ಬಂಗಡೆಯ ಬುಟ್ಟಿ. ಕೋಡಿಬಾಗದ ಕಡೆಯ ಒಬ್ಬ ಹೆಂಗಸು ಕೊಡೆಯ ತುದಿಯಿಂದ ಮೀನು ತೋರಿಸಿ ಚೌಕಾಸಿ ಮಾಡುತ್ತಿದ್ದಳು. ಇಸ್ತ್ರಿ ಮಾಡಿದ ಬಟ್ಟೆಯ ಹುಡುಗಿ ಬುಟ್ಟಿಯ ಹತ್ತಿರ ಬಂದು ಸುಮ್ಮನೆ ನಿಂತದ್ದು ಕಂಡು, ತನಗಿಂತ ಹೆಚ್ಚಿಗೆ ಕೊಟ್ಟು ಒಯ್ಯುವವಳೆಂಬ ಅನುಮಾನದಿಂದ, “ಯಾರಮ್ಮ ಇವ್ರು?” ಎಂದು ಕೇಳಿದಳು.

ದುರ್ಗಿ ತಲೆ ಎತ್ತಲಿಲ್ಲ. “ಸೊಸಾಯ್ಟಿ ಆಪೀಸಿನವ್ರು,” ಎಂದಳು. “ಮೀನಿಗೆ ಬಂದಿರ್ಬೇಕು.”

ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಗೆ ದರ ಹೇಳುವ ದನಿಯೇ. ಕಲಿತದ್ದು, ಗೆದ್ದದ್ದು, ನಾಲ್ಕು ಕೋಣೆ ಒಂದೂ ಕೈಗೆ ಬರಲಿಲ್ಲ. ನೀಲಾ ಇಸ್ತ್ರಿ ಬಟ್ಟೆಯಲ್ಲೇ ಆ ಒದ್ದೆ ಕಲ್ಲಿನ ಮೇಲೆ ಆಯಿಯ ಪಕ್ಕ ಕೂತುಬಿಟ್ಟಳು.

“ನಾ ಇವಳ ಮಗಳು,” ಎಂದಳು ಆ ಹೆಂಗಸಿಗೆ. “ಇವಳು ನನ್ನ ಆಯಿ.”

ದುರ್ಗಿ ಬುಟ್ಟಿಯನ್ನು ಒಂದು ಗೇಣು ಆಚೆ ಸರಿಸಿ ಮಗಳಿಗೆ ಜಾಗ ಮಾಡಿದಳು.

“ನಂಗೆ ಗೊತ್ತದೆ,” ಎಂದಳು. “ನಿಂಗೆ ಯಾವಾಗ ಗೊತ್ತಾಗ್ತದೆ ಅಂತ ಕೂತಿದ್ದೆ.”